ಗ್ರೈಂಡರ್ ಆಮೇಲೆ, ಮೊದಲು ಒಂದು ದಿನ ಕುಲುಮೆ ಮುಂದೆ ಕೂತು ಬನ್ನಿ

40 ಸಾವಿರ ಎತ್ತಿಟ್ಟಿದ್ದೇನೆ, ಯಾವ ಬೆಲ್ಟ್ ಗ್ರೈಂಡರ್ (ಉಕ್ಕು ಉಜ್ಜೋ ಯಂತ್ರ) ತಗೊಳ್ಳಲಿ, ಯಾವ ಉಕ್ಕು ತರಲಿ, ವರ್ಷದೊಳಗೆ ಅಲೆಅಲೆ ಗೆರೆಯ ಡಮಾಸ್ಕಸ್ ಚಾಕು ಮಾಡಿ ಮಾರಬಹುದಾ ಅಂತ ಕೇಳಿದ್ದೀರಿ. ಗ್ರೈಂಡರ್ ಬೇಡ. ಸಿಟ್ಟಾಗಬೇಡಿ. 6 ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡುತ್ತಿದ್ದೆ. ಬೆಂಗಳೂರಲ್ಲಿ ಬಾಡಿಗೆ ಮನೆ, ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ನಾಲ್ಕಡಿ ಜಾಗ, ತಲೆ ತುಂಬಾ ವಿಡಿಯೋ.

ನಮ್ಮೂರು ಸಾಗರದ ಕಡೆ. ತೋಟ ಇರೋ ಮನೆ ಅಂದ ಮೇಲೆ ನಾಲ್ಕಾರು ಕತ್ತಿ ಇದ್ದೇ ಇರುತ್ತವೆ, ಅವೆಲ್ಲ ಊರಿನ ಕುಲುಮೆಯಲ್ಲೇ ಆದವು. ಬೇಸಿಗೆ ರಜೆಗೆ ಹೋದಾಗ ಗುಜರಿಯಿಂದ ಲಾರಿಯ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಒಂದನ್ನು ತೂಕಕ್ಕೆ ಕೊಂಡು, ತುಂಡು ಹಾಕಿಸಿಕೊಂಡು, ಒಂದು ತುಂಡನ್ನು ನಮ್ಮ ಕಮ್ಮಾರರ ಮುಂದೆ ಇಟ್ಟೆ. ಅರ್ಧ ದಿನದಲ್ಲಿ ಕತ್ತಿ ಮಾಡಿಕೊಟ್ಟರು. ನಾನು ಪೂರ್ತಿ ಮೊಬೈಲಿನಲ್ಲಿ ಹಿಡಿದುಕೊಂಡೆ. ಬೆಂಗಳೂರಿಗೆ ಬಂದು ಆ ವಿಡಿಯೋವನ್ನು ಇಪ್ಪತ್ತು ಸಲವಾದರೂ ನೋಡಿರಬೇಕು. ಬೇಜಾರಾಗೋ ಕಡೆ ಓಡಿಸಿಕೊಂಡು.

ಉಳಿದ ತುಂಡುಗಳನ್ನು ಕೆಂಪಗೆ ಕಾಯಿಸಿ, ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟು ಮೆತ್ತಗೆ ಮಾಡಿಕೊಂಡೆ. ಅರದಲ್ಲಿ ಉಜ್ಜಿ ಉಜ್ಜಿ ಚಾಕುವಿನ ಆಕಾರಕ್ಕೆ ತಂದೆ. ಹಳೇ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು, ತಿದಿಗೆ ಬದಲು ಹೆಂಡತಿಯ ಹೇರ್ ಡ್ರೈಯರಿಗೆ ಸಿಕ್ಕಿಸಿದ ಕಬ್ಬಿಣದ ಪೈಪು. (ಆ ಡ್ರೈಯರಿನ ಕತೆ ಬೇಡ ಬಿಡಿ.) ಉಕ್ಕು ಕೆಂಪಗಾಗಿ ಅಯಸ್ಕಾಂತಕ್ಕೆ ಅಂಟದ ಹಾಗಾದ ಕೂಡಲೇ ಇಕ್ಕಳದಲ್ಲಿ ಹಿಡಿದು, ಪೂರ್ತಿ ಚಾಕುವನ್ನು ಬಕೆಟ್ ನೀರಿಗೆ ಅದ್ದಿದೆ. ಕಮ್ಮಾರರೂ ನೀರಿಗೇ ಅದ್ದಿದ್ದರಲ್ಲ!

ಮೊದಲನೆಯದು ನೀರೊಳಗೇ 'ಟಿಣ್' ಅಂತು. ತೆಗೆದು ನೋಡಿದರೆ ಬಾಯಿಯಿಂದ, ಅಂದರೆ ಹರಿತದ ಅಂಚಿನಿಂದ, ಬೆನ್ನಿನವರೆಗೆ ಕೂದಲೆಳೆಯಷ್ಟು ಬಿರುಕು. ಎರಡನೆಯದೂ ಅಷ್ಟೇ. ಮೂರನೆಯದು ಸೀಳಲಿಲ್ಲ. ಅದರ ಮೇಲೆ ಅರ ಎಳೆದರೆ ಗಾಜಿನ ಮೇಲೆ ಎಳೆದ ಹಾಗೆ ಜಾರಿಹೋಯಿತು. ನನಗೆ ಕುಣಿಯೋದೊಂದು ಬಾಕಿ. ಹಲಸಿನ ಮರದ ಹಿಡಿ ಹಾಕಿ, ಎಣ್ಣೆ ಹಚ್ಚಿ, ಊರಿಗೆ ತೆಗೆದುಕೊಂಡು ಹೋಗಿ ಭಾವನ ಕೈಗೆ ಕೊಟ್ಟೆ.

ಜೂನ್ ತಿಂಗಳು, ಮನೆಯಲ್ಲಿ ಹಲಸಿನಹಣ್ಣು. ಭಾವ ಅದೇ ಚಾಕುವನ್ನು ಹಣ್ಣಿಗೆ ಇಳಿಸಿ, ದಿಂಡಿನ ಹತ್ತಿರ ಸ್ವಲ್ಪ ತಿರುಚಿ ಒತ್ತಿದ. ಅಷ್ಟೇ. ಅಲಗು ನಡುವೆ ಮುರಿಯಿತು, ಒತ್ತಿದ ಭಾರಕ್ಕೆ ಕೈ ಜಾರಿ ಹಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಇನ್ನೊಂದು ತುಂಡಿನ ಮೇಲೆ ಹೋಯಿತು. ಅಂಗೈಗೆ 5 ಹೊಲಿಗೆ. ಅಕ್ಕ ಬೈಯಲಿಲ್ಲ, ಅದೇ ಜಾಸ್ತಿ ಕಷ್ಟ ಆಗಿದ್ದು.

ಮಾರನೇ ದಿನ ಎರಡೂ ತುಂಡು ಹಿಡಿದು ಕುಲುಮೆಗೆ ಹೋದೆ. ಕಮ್ಮಾರರು ಮುರಿದ ಜಾಗ ನೋಡಿ ಒಂದೇ ಮಾತು ಕೇಳಿದರು. "ಬಣ್ಣ ಓಡಿಸಿದ್ಯಾ?"

ಯಾವ ಬಣ್ಣ? ಮನೆಗೆ ಬಂದು ವಿಡಿಯೋ ಹಾಕಿದೆ. ಈ ಸಲ ಓಡಿಸದೆ ನೋಡಿದೆ. ಅವರು ಕತ್ತಿಯನ್ನು ಪೂರ್ತಿ ಅದ್ದಿರಲೇ ಇಲ್ಲ. ಬಾಯಿಯ ಕಡೆ ಒಂದು ಬೆರಳಿನಷ್ಟು ಅಗಲ ಮಾತ್ರ ನೀರಿಗೆ ಇಳಿಸಿ, ಮೇಲೆ ಕೆಳಗೆ ಆಡಿಸುತ್ತಾ, ಕೆಲವೇ ಕ್ಷಣದಲ್ಲಿ ಹೊರಗೆ ತೆಗೆದಿದ್ದರು. ಬೆನ್ನಿನಲ್ಲಿ ಆಗಲೂ ಕೆಂಪು ಇತ್ತು. ಆಮೇಲೆ ಒಂದು ಇಟ್ಟಿಗೆ ಚೂರಿನಲ್ಲಿ ಅಲಗನ್ನು ಗಸಗಸ ಉಜ್ಜಿದ್ದರು. ಮಸಿ ತೆಗೀತಾ ಇದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅದು ಮಸಿ ತೆಗೆಯೋದಲ್ಲ, ಕನ್ನಡಿ ಮಾಡಿಕೊಳ್ಳೋದು. ಉಜ್ಜಿ ಹೊಳಪು ಬಂದ ಜಾಗದಲ್ಲಿ ಬಣ್ಣ ಕಾಣುತ್ತೆ. ಬೆನ್ನಿನಲ್ಲಿ ಉಳಿದಿರೋ ಬಿಸಿ ನಿಧಾನವಾಗಿ ಬಾಯಿಯ ಕಡೆ ಇಳಿದು ಬರುತ್ತೆ, ಅದು ಬರ್ತಾ ಬರ್ತಾ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ತಮಗೆ ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣಕ್ಕೆ ಪೂರ್ತಿ ಅದ್ದಿಬಿಡುತ್ತಾರೆ. ಇದೇ ಹದ. ಆ ಅರ್ಧ ನಿಮಿಷವನ್ನೇ ನಾನು ಪ್ರತಿ ಸಲ ಹಾರಿಸಿದ್ದು. ಅವರು ಬಣ್ಣ ಓಡಿಸಿದ್ದರು, ನಾನು ವಿಡಿಯೋ ಓಡಿಸಿದ್ದೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿದರೆ ಗಾಜಿನ ಹಾಗೆ ಗಟ್ಟಿಯಾಗುತ್ತೆ, ಗಾಜಿನ ಹಾಗೇ ಒಡೆಯುತ್ತೆ. ಮತ್ತೆ ಸಣ್ಣಗೆ ಕಾಯಿಸಿ ಆ ಬಿಗಿಯನ್ನು ಸ್ವಲ್ಪ ಇಳಿಸಲೇಬೇಕು. ಅರ ಜಾರಿತು ಅಂತ ನಾನು ಕುಣಿದೆನಲ್ಲ, ಅರ ಜಾರಿದರೆ ಅರ್ಧ ಕೆಲಸ ಆಗಿದೆ ಅಂತ ಅರ್ಥ. ಅಷ್ಟಕ್ಕೇ ನಿಲ್ಲಿಸಿದರೆ ಕೈಯಲ್ಲಿರೋದು ಗಾಜಿನ ಚೂರು. ಮೊದಲ ಎರಡು ಸೀಳಿದ್ದೂ ಇದರ ಅಣ್ಣತಮ್ಮನೇ. ಹದಕ್ಕೆ ಮೊದಲೇ ಬಾಯನ್ನು ಕಾಗದದಷ್ಟು ತೆಳು ಮಾಡಿದ್ದೆ. ತೆಳು ಬಾಯಿ ಥಟ್ಟನೆ ತಣಿಯಿತು, ದಪ್ಪ ಬೆನ್ನು ಇನ್ನೂ ಬಿಸಿ, ಎರಡರ ಎಳೆದಾಟಕ್ಕೆ ಬಿರುಕು. ಕಮಾನು ಪಟ್ಟಿಯ ಉಕ್ಕಿಗೆ ಎಣ್ಣೆ ಸಾಕು, ನೀರಿನ ಏಟು ಜಾಸ್ತಿಯಾಗುತ್ತೆ. ಕಮ್ಮಾರರಿಗೆ ನೀರು ನಡೆಯುತ್ತೆ, ಯಾಕಂದರೆ ಎಷ್ಟು ಅದ್ದಬೇಕು, ಯಾವಾಗ ಎತ್ತಬೇಕು ಅನ್ನೋದು ಅವರ ಕೈಗೆ ಗೊತ್ತು. ನಮ್ಮ ಕೈಗೆ ಗೊತ್ತಿಲ್ಲ.

ಈಗ ನಿಮ್ಮ ವಿಷಯ. ಗ್ರೈಂಡರ್ ತಪ್ಪನ್ನು ಬೇಗ ಮಾಡಿಸುತ್ತೆ, ಅಷ್ಟೇ. ಎರಡು ಅರ, ಒಂದು ಡ್ರಿಲ್, ಉಕ್ಕನ್ನು ಕಚ್ಚಿ ಹಿಡಿಯೋಕೆ ಒಂದು ವೈಸು ಸಾಕು, ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತೆ. ಉಕ್ಕು ಗುಜರಿಯದು ಬೇಡ, ಓಡಿ ಓಡಿ ದಣಿದ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಇಎನ್45 (ಕಮಾನು ಪಟ್ಟಿಗೆ ಬಳಸೋ ಒಂದು ಬಗೆಯ ಉಕ್ಕು) ಅಂತ ಕೇಳಿ ಹೊಸ ಪಟ್ಟಿಯನ್ನೇ ತನ್ನಿ, 3 ಮಿಲಿಮೀಟರ್ ದಪ್ಪ ಸಾಕು. ಬಾಯಿ ಒಂದು ಮಿಲಿಮೀಟರಿಗೆ ಬಂದಾಗ ನಿಲ್ಲಿಸಿ, ಉಳಿದಿದ್ದು ಹದ ಆದ ಮೇಲೆ.

ಫ್ಲ್ಯಾಟಿನ ಬಾಲ್ಕನಿಯಲ್ಲಿ ಬೆಂಕಿ ಹಾಕಬೇಡಿ, ಬಿಸಿ ಎಣ್ಣೆಗೆ ಕೆಂಪು ಕಬ್ಬಿಣ ಇಳಿಸಿದಾಗ ಬುಗ್ ಅಂತ ಹತ್ತಿಕೊಳ್ಳುತ್ತೆ. ಮೊದಲ ನಾಲ್ಕೈದು ಚಾಕುಗಳನ್ನು ಪೀಣ್ಯದ ಕಡೆ ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ ಹದ ಮಾಡೋ ಕೆಲಸ) ಮಾಡೋರಿಗೆ ಕೊಡಿ. ಒಂದೊಂದಕ್ಕೆ ಒಪ್ಪೋದಿಲ್ಲ, ಬೇರೆಯವರ ಲಾಟ್ ಜೊತೆ ಹಾಕಿ ಅಂತ ಕೇಳಿಕೊಳ್ಳಬೇಕು. ಮುಂದೆ ನೀವೇ ಮಾಡುವಾಗ, ಅಯಸ್ಕಾಂತ ಬಿಟ್ಟ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಸುಮಾರು 60 ಡಿಗ್ರಿಗೆ ಬೆಚ್ಚಗೆ ಮಾಡಿದ ಎಣ್ಣೆಗೆ ಇಳಿಸಿ. ತಣ್ಣಗಾದ ತಕ್ಷಣ ಓಟಿಜಿ ಅವನ್ನಿನಲ್ಲಿ 200 ಡಿಗ್ರಿಗೆ 2 ಗಂಟೆ, ಎರಡು ಸಲ. ನಾಳೆ ಮಾಡೋಣ ಅಂತ ಇಡಬೇಡಿ.

ಡಮಾಸ್ಕಸ್ ಬಿಡಿ. ಈಗ ಆ ಹೆಸರಲ್ಲಿ ಮಾರೋದು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಸಿಡ್ ಹಾಕಿದ್ದು. ಹಳೇ ಡಮಾಸ್ಕಸ್ ಕತ್ತಿಗಳ ಹೆಸರಿನ ಹಿಂದೆ ಇದ್ದದ್ದು ನಮ್ಮ ಕಡೆ ಮೂಸೆಯಲ್ಲಿ ಕರಗಿಸುತ್ತಿದ್ದ ಉಕ್ಕು, ಇಂಗ್ಲಿಷಿನವರ 'ವೂಟ್ಜ್' ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಅಂತಾರೆ. ಕೇಳೋಕೆ ಚೆಂದ, ಆದರೆ ಈರುಳ್ಳಿ ಹೆಚ್ಚೋ ಚಾಕುವಿಗೆ ಹದವೇ ಮುಖ್ಯ.

ಮಾರೋದು? ಒಂದು ವರ್ಷ ಯಾರಿಗೂ ಮಾರಬೇಡಿ, ನೀವೇ ಬಳಸಿ, ಮುರಿದು ನೋಡಿ. ಕಾನೂನೂ ಇದೆ. ಮನೆ, ತೋಟದ ಕೆಲಸಕ್ಕಲ್ಲದ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ 1959ರ ಆಯುಧ ಕಾಯ್ದೆ ಕೆಳಗೆ ಬರುತ್ತೆ. ಆ ಕಡೆ ಹೋಗಲೇಬೇಡಿ, 4 ಇಂಚಿನ ತರಕಾರಿ ಚಾಕುವಿಂದ ಶುರು ಮಾಡಿ.

ಭಾವ ಈಗ ನನ್ನ ಚಾಕುವಿನಲ್ಲಿ ಅಡಿಕೆ ಹೋಳು ಮಾಡುತ್ತಾನೆ. ಅಕ್ಕ ಇವತ್ತಿಗೂ ಮೆಟ್ಟುಗತ್ತಿಯನ್ನೇ ಎಳೆದುಕೊಳ್ಳುತ್ತಾಳೆ.

ಹ್ಞಾಂ, ಅರ ಕೊಳ್ಳುವಾಗ ಮರದ ಹಿಡಿ ಬೇರೆ ಕೇಳಿ ತಗೊಳ್ಳಿ. ಎಷ್ಟೋ ಕಡೆ ಜೊತೆಗೆ ಕೊಡೋದಿಲ್ಲ, ಹಿಡಿ ಇಲ್ಲದೆ ಉಜ್ಜಿದರೆ ಅರದ ಬಾಲ ಅಂಗೈಗೆ ಚುಚ್ಚುತ್ತೆ.