ಶ್ರುತಿ ನಿಲ್ಲದವರ ಪ್ರಾರ್ಥನೆ

ಓದುಗರೊಬ್ಬರ ಪತ್ರದ ಸಾರ: "ಪ್ರಾರ್ಥನೆಯಲ್ಲಿ ಹಾಡು ಶುರುವಾದರೆ ನನಗೆ ಕಣ್ಣು ತುಂಬುತ್ತದೆ. ಹಾಡು ನಿಂತರೆ ಮನಸ್ಸು ಬರಿದು. ನನ್ನಲ್ಲಿರುವುದು ನಂಬಿಕೆಯಾ, ಬರೀ ಸಂಗೀತದ ಆಸೆಯಾ? ಇನ್ನೊಂದು ಮಾತು. ನನಗೆ ಶ್ರುತಿ ನಿಲ್ಲುವುದಿಲ್ಲ. ಮೈಕಿನ ಮುಂದೆ ಚೆನ್ನಾಗಿ ಹಾಡುವವರನ್ನು ಕಂಡರೆ ನನ್ನ ಪ್ರಾರ್ಥನೆ ಕಡಿಮೆಯದು ಅನಿಸುತ್ತದೆ."

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದರಲ್ಲಿ ನೋವು ಜಾಸ್ತಿ ಇದೆ.

12ನೇ ಶತಮಾನದಲ್ಲಿ ಬಸವಣ್ಣನವರು ತಮಗೆ ತಾಳಮಾನದ ಲೆಕ್ಕ ತಿಳಿಯದು, ಒಲಿದಂತೆ ಹಾಡುತ್ತೇನೆ ಎಂದು ನೇರವಾಗಿ ದೇವರಿಗೇ ಹೇಳಿದರು. ಇನ್ನೊಂದು ವಚನದಲ್ಲಿ ತಮ್ಮ ಮೈಯನ್ನೇ ವಾದ್ಯ ಮಾಡಿಕೋ ಎಂದು ಬೇಡಿದರು. ತಲೆಯೇ ಸೋರೆ, ನರಗಳೇ ತಂತಿ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಾಳ ತಿಳಿಯದು ಎಂದವರೇ ತಮ್ಮನ್ನು ವಾದ್ಯವಾಗಿ ಒಪ್ಪಿಸುತ್ತಿದ್ದಾರೆ. ಇನ್ನು ನುಡಿಸುವ ಕೆಲಸ ದೇವರದು. ಚೆನ್ನಾಗಿ ಬಂತೋ ಇಲ್ಲವೋ ಎಂಬ ಚಿಂತೆ ವಾದ್ಯಕ್ಕೆ ಯಾಕೆ, ಅಲ್ವಾ?

ಈಗ ಮೊದಲ ಪ್ರಶ್ನೆ. ಈ ಗೊಂದಲ ನಿಮ್ಮೊಬ್ಬರದಲ್ಲ. ಸುಮಾರು 1,600 ವರ್ಷಗಳ ಹಿಂದೆ ಕ್ರೈಸ್ತ ಗುರು ಅಗಸ್ಟೀನ್ ಇದನ್ನೇ ಬರೆದುಕೊಂಡರು. ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ತಟ್ಟಿದರೆ ಅದು ತಮ್ಮ ತಪ್ಪು ಎಂದು ಅವರು ಒಪ್ಪಿಕೊಂಡರು. ಆದರೂ ಹಾಡು ಬೇಡ ಎನ್ನಲು ಅವರಿಂದ ಆಗಲಿಲ್ಲ. ನಂಬಿಕೆಯ ಮೊದಲ ದಿನಗಳಲ್ಲಿ ಅದೇ ಹಾಡು ಕೇಳಿ ಅತ್ತದ್ದು ಅವರಿಗೆ ನೆನಪಿತ್ತು.

1520ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕ್ರೈಸ್ತ ಸುಧಾರಕ ಜ್ವಿಂಗ್ಲಿ ಇನ್ನೂ ಮುಂದೆ ಹೋದರು. ಆರಾಧನೆಯಿಂದ ಸಂಗೀತವನ್ನೇ ತೆಗೆಸಿದರು. ನಿಜವಾದ ಪ್ರಾರ್ಥನೆ ಮನಸ್ಸಿನೊಳಗೆ ನಡೆಯಬೇಕು ಎಂಬುದು ಅವರ ವಾದ. ಅವರೇ ಹಲವು ವಾದ್ಯ ನುಡಿಸಬಲ್ಲವರು. ಸಂಗೀತದ ಬಲ ಗೊತ್ತಿದ್ದವರು. ಅದೇ ವರ್ಷಗಳಲ್ಲಿ ಜರ್ಮನಿಯಲ್ಲಿ ಇನ್ನೊಬ್ಬ ಸುಧಾರಕ ಲೂಥರ್ ಜನರ ಮಾತಿನಲ್ಲೇ ಹಾಡು ಬರೆದು ಅವರ ಬಾಯಿಗೆ ಕೊಟ್ಟರು. ನನ್ನ ಒಲವು ಲೂಥರ್ ಕಡೆಗೆ. ಜ್ಯೂರಿಕ್‌ನಲ್ಲೂ ಆ ಶತಮಾನ ಮುಗಿಯುವ ಹೊತ್ತಿಗೆ ಜನ ಮತ್ತೆ ಹಾಡತೊಡಗಿದರು.

ಕ್ವೇಕರರು ಎಂಬ ಕ್ರೈಸ್ತ ಪಂಗಡದ ಹಲವರು ಮೌನವಾಗಿ ಕೂತು ಆರಾಧಿಸುತ್ತಾರೆ. ಸಿಖ್ಖರ ಗುರು ಗ್ರಂಥ ಸಾಹಿಬ್‌ನ ಬಹುಭಾಗ ರಾಗಗಳ ಪ್ರಕಾರ ಜೋಡಿಸಿದ್ದು. ಅವರಿಗೆ ಹಾಡುವುದೇ ಪ್ರಾರ್ಥನೆ. ಎರಡೂ ದಾರಿಯಲ್ಲಿ ನಂಬಿಕೆ ಉಳಿದಿದೆ.

ಹಾಡು ನಂಬಿಕೆಯನ್ನು ಹುಟ್ಟಿಸುತ್ತದೆ ಎಂದು ನನಗೆ ಅನಿಸುವುದಿಲ್ಲ. ನಂಬಿಕೆ ಸೋತ ದಿನ ಅದು ನಮ್ಮನ್ನು ಹಿಡಿದುಕೊಳ್ಳುತ್ತದೆ. ತಂದೆ ತೀರಿಕೊಂಡ ಮೇಲೆ ಎಷ್ಟೋ ತಿಂಗಳು ನನಗೆ ಪ್ರಾರ್ಥನೆ ಬಾಯಿಗೇ ಬರುತ್ತಿರಲಿಲ್ಲ. ಪ್ರಾರ್ಥನಾ ಸಭೆಗೆ ಹೋಗಿ ಸುಮ್ನೆ ಹಿಂದೆ ಕೂರುತ್ತಿದ್ದೆ. ಸುತ್ತಲಿನವರು ಹಾಡುತ್ತಿದ್ದರು. ನಾನು ಆಡಲಾರದ ಮಾತನ್ನು ಅವರು ಆಡುತ್ತಿದ್ದರು. ಒಂದು ದಿನ ಕೊನೆಯ ಸಾಲಿಗೆ ನನ್ನ ತುಟಿಯೂ ಅಲುಗಿತು. ಅವತ್ತೇ ನಂಬಿಕೆ ವಾಪಸ್ ಬಂತು ಎಂದು ಹೇಳಲಾರೆ. ಆದರೆ ಆ ಹಾಡುಗಳಿಲ್ಲದಿದ್ದರೆ ಅಲ್ಲಿಗೆ ಹೋಗುವುದನ್ನೇ ಬಿಟ್ಟಿರುತ್ತಿದ್ದೆ.

ಅಲ್ಲಿ ಮೈಕ್ ಇರಲಿಲ್ಲ. ಪಕ್ಕದಲ್ಲಿದ್ದ ಮುದುಕರೊಬ್ಬರ ದನಿ ತಪ್ಪುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅದರಿಂದಲೇ ಧೈರ್ಯ ಬಂತು. ಪಕ್ಕದವರ ದನಿ ಕೇಳದಷ್ಟು ಸದ್ದು ಮಾಡಿದರೆ ಪ್ರಾರ್ಥನೆಗೆ ಬಂದವರು ಬರೀ ಕೇಳುಗರಾಗಿಬಿಡುತ್ತಾರೆ. ನಿಮ್ಮ ಸಂಕಟದ ಬೇರು ನಿಮ್ಮ ಗಂಟಲಲ್ಲಿಲ್ಲ, ಆ ಸದ್ದಿನಲ್ಲಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ಹಾಡು ನಿಂತ ಮೇಲಿನ ಆ ಬರಿದು. ಅದಕ್ಕೆ ಹೆದರಿ ಎದ್ದು ಹೊರಡಬೇಡಿ. ಎರಡು ನಿಮಿಷ ಅಲ್ಲೇ ಕೂತಿರಿ. ಹಾಡಿನ ಯಾವ ಮಾತು ನೆನಪಿನಲ್ಲಿ ಉಳಿದಿದೆಯೋ ಅದನ್ನು ರಾಗವಿಲ್ಲದೆ, ನಿಮ್ಮದೇ ದನಿಯಲ್ಲಿ ಒಮ್ಮೆ ಹೇಳಿಕೊಳ್ಳಿ. ಮುಂದೆ ನಿಂತು ಹಾಡುವವರ ಬಳಿ ಒಂದು ಹಾಡನ್ನಾದರೂ ಮೈಕ್ ಇಲ್ಲದೆ ಹಾಡೋಣ ಎಂದು ಕೇಳಿ. ಆ ಹಾಡಿಗೆ ನೀವೂ ದನಿ ಸೇರಿಸಿ. ಏನಾಯಿತು ಎಂದು ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.