ಕ್ಯಾಮ್ರಾ ಪ್ರಶ್ನೋತ್ತರ: ಅಪ್ಪಾಜಿ ಕ್ಯಾಮ್ರಾಕ್ಕೆ ಮತ್ತೆ ರೀಲು ಹಾಕ್ಬೋದಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫಿಲಂ ಕ್ಯಾಮ್ರಾದ್ದೇ. ಎಲ್ಲಾ ಹಾಸನ, ಚಿಕ್ಕಮಗಳೂರು ಕಡೆಯಿಂದನೇ ಬಂದಿರೋದ್ರಿಂದ ನಮ್ಮ ಕಡೆ ಬಿಸಿಲು, ನಮ್ಮ ಕಡೆ ಮಳೆ ಎರಡನ್ನೂ ಲೆಕ್ಕಕ್ಕೆ ಇಟ್ಕೊಂಡೇ ಉತ್ತರ ಬರ್ದಿದೀನಿ.

ಪ್ರಶ್ನೆ: ಸರ್, ಬೀರು ಕ್ಲೀನ್ ಮಾಡುವಾಗ ನಮ್ಮ ಅಪ್ಪಾಜಿ ಕಾಲದ ಪೆಂಟಾಕ್ಸ್ ಕೆ1000 ಸಿಕ್ತು. ಅದ್ರಲ್ಲಿ ಈಗ ಫೋಟೋ ತೆಗಿಬೋದಾ? ನನ್ನ ಫೋನಲ್ಲಿ 50 ಮೆಗಾಪಿಕ್ಸೆಲ್ ಇದೆ, ಆದ್ರೂ ಫ್ರೆಂಡ್ಸ್ ಎಲ್ಲಾ ಫಿಲಮ್ಮೇ ಚೆಂದ ಅಂತಾರೆ. ನಿಜವಾಗ್ಲೂ ಚೆನ್ನಾಗಿರುತ್ತಾ, ಇಲ್ಲಾ ಬರೀ ಟ್ರೆಂಡಾ? — ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಕಲಿಯೋರಿಗೆ ಅಂತಾನೇ ಹೇಳಿ ಮಾಡಿಸಿದಂಥ ಕ್ಯಾಮ್ರಾ ನಿಮ್ ಕೈಗೆ ಸಿಕ್ಕಿದೆ ಕಣಮ್ಮ. 1976ರಿಂದ 1997ರವರೆಗೂ ತಯಾರಾಗ್ತಿತ್ತು, ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗಿರೋದು ಒಳಗಡೆ ಇರೋ ಲೈಟ್ ಮೀಟರ್‌ಗೆ ಮಾತ್ರ, ವಾಚ್ ಅಂಗಡೀಲಿ ಸಿಗೋ ಎಲ್‌ಆರ್44 ಸೆಲ್ ಒಂದು ಹಾಕಿದ್ರೆ ಮುಗೀತು. ಆ ಮೀಟರ್‌ಗೆ ಆನ್ ಆಫ್ ಸ್ವಿಚ್ ಇಲ್ಲ, ಲೆನ್ಸ್ ಮೇಲೆ ಬೆಳಕು ಬೀಳ್ತಿದ್ರೆ ಸೆಲ್ ಖರ್ಚಾಗ್ತಾನೇ ಇರುತ್ತೆ, ಅದಕ್ಕೆ ಕೆಲ್ಸ ಆದ್ಮೇಲೆ ಕ್ಯಾಪ್ ಮುಚ್ಚಿಡಿ.

ಈಗ್ಲೇ ಹಿಂದಿನ ಬಾಗಿಲು ತೆಗೀಬೇಡಿ. ಎಡಗಡೆ ರಿವೈಂಡ್ ನಾಬ್ ಇದ್ಯಲ್ಲ, ಅದ್ರ ಪುಟ್ಟ ಹಿಡಿ ಬಿಚ್ಚಿ ಬಾಣದ ಗುರುತು ಇರೋ ಕಡೆ ಮೆಲ್ಲಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗ್ತಾನೇ ಇದ್ರೆ ಖಾಲಿ. ಬಿಗಿ ಅನ್ಸಿದ್ರೆ ಅಪ್ಪಾಜಿ ಹಾಕಿದ್ದ ರೀಲು ಇನ್ನೂ ಒಳಗೇ ಇದೆ ಅಂತ ಅರ್ಥ. ಆಗ ತಳದಲ್ಲಿರೋ ಸಣ್ಣ ಬಟನ್ ಒತ್ತಿ, ಪೂರ್ತಿ ಸುತ್ತಿ, ಆ ರೀಲನ್ನ ತೊಳೆಸೋಕೆ ಕೊಡಿ. ಬಣ್ಣ ಕೆಟ್ಟಿರುತ್ತೆ, ಆದ್ರೆ ಎಷ್ಟೋ ವರ್ಷ ಹಾಗೇ ಕೂತಿದ್ದ ರೀಲಲ್ಲೂ ಮುಖ ಗುರ್ತು ಹಿಡಿಯೋ ಹಾಗೆ ಫೋಟೋ ಬಂದಿರೋದುಂಟು, ನಿಮ್ಮದೇ ಚಿಕ್ಕಂದಿನ ಫೋಟೋ ಇದ್ರೂ ಇರ್ಬೋದು.

ಖಾಲಿ ಇದ್ರೆ ಬಾಗಿಲು ತೆಗೆದು ಕಿಟಕಿ ಕಡೆ ಹಿಡ್ಕೊಂಡು ಒಂದೊಂದೇ ಶಟರ್ ಸ್ಪೀಡಲ್ಲಿ ಕ್ಲಿಕ್ ಮಾಡಿ, ಪರದೆ ಎಲ್ಲೂ ಸಿಕ್ಕಾಕೊಳ್ದೆ ಓಡ್ಬೇಕು. ಬಾಗಿಲಂಚಿನ ಕಪ್ಪು ಫೋಮ್ ಕೈಗೆ ಅಂಟಂಟು ಅಂದ್ರೆ ಹಾಳಾಗಿದೆ, ಬೆಳಕು ಸೋರುತ್ತೆ, ರಿಪೇರಿಯವ್ರ ಹತ್ರ ಹೊಸದು ಹಾಕಿಸ್ಕೊಳಿ, ದೊಡ್ಡ ಕೆಲ್ಸ ಅಲ್ಲ. ಹೊಸ ರೀಲು ಹಾಕಿದ್ಮೇಲೆ ಲಿವರ್ ಎಳೀವಾಗ ಆ ರಿವೈಂಡ್ ನಾಬ್ ತಾನಾಗೇ ತಿರುಗುತ್ತಾ ಅಂತ ಕಣ್ಣಿಟ್ಟು ನೋಡಿ. ತಿರುಗ್ತಿಲ್ಲ ಅಂದ್ರೆ ಫಿಲಂ ಹಲ್ಲಿಗೆ ಕಚ್ಚಿಲ್ಲ, 36 ಫೋಟೋ ತೆಗೆದ್ರೂ ಒಂದೂ ಬರಲ್ಲ.

ಇನ್ನು ಯಾವ್ದು ಚೆಂದ ಅನ್ನೋ ಮಾತು. ಬರೀ ಸ್ಪಷ್ಟತೆ ನೋಡೋದಾದ್ರೆ ಫಿಲಂ ಸೋಲುತ್ತೆ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ನಿಮ್ಮ ರೀಲಲ್ಲಿ ಒಂದು ಫ್ರೇಮ್ ಅಂದ್ರೆ 24 ಮಿಲಿಮೀಟರ್‌ಗೆ 36 ಮಿಲಿಮೀಟರ್, ಅಷ್ಟೇ ಅಳತೆ ಸೆನ್ಸರ್ ಇರೋ 24 ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮ್ರಾ, 400 ಐಎಸ್‌ಒ (ಬೆಳಕಿಗೆ ಫಿಲಂ ಎಷ್ಟು ಚುರುಕು ಅನ್ನೋ ಅಳತೆ) ಕಲರ್ ಫಿಲಂಗಿಂತ ಜಾಸ್ತಿ ವಿವರ ಹಿಡಿಯುತ್ತೆ. ತೋಟದ ನೆರಳಲ್ಲಿ ಹಕ್ಕಿ ಹಿಡೀಬೇಕು ಅಂದ್ರೂ ಡಿಜಿಟಲ್ಲೇ ಸರಿ, ಯಾಕಂದ್ರೆ ಅಲ್ಲಿ ಫ್ರೇಮಿಂದ ಫ್ರೇಮಿಗೆ ಐಎಸ್‌ಒ ಬದಲಾಯಿಸ್ಬೋದು, ಇಲ್ಲಿ ಹಾಕಿದ ರೀಲು ಮುಗಿಯೋವರೆಗೂ ಅದೇ. ದುಡ್ಡೂ ಅಷ್ಟೇ, ರೀಲು, ತೊಳೆಸೋದು, ಸ್ಕ್ಯಾನು, ಬೆಂಗಳೂರಿಗೆ ಕೊರಿಯರ್ ಎಲ್ಲಾ ಸೇರಿ ಒಂದೊಂದು ಫ್ರೇಮಿಗೂ ಹತ್ತಾರು ರೂಪಾಯಿ ಬೀಳುತ್ತೆ. ಲೆಕ್ಕ ಇಟ್ಟು 36 ಫೋಟೋ ತೆಗೆಯೋದ್ರಿಂದ ಜಾಸ್ತಿ ಯೋಚ್ನೆ ಮಾಡ್ತೀವಿ ಅಂತ ಎಲ್ರೂ ಹೇಳ್ತಾರೆ, ಆ ಶಿಸ್ತು ಮೊಬೈಲಲ್ಲೂ ತಂದ್ಕೋಬೋದು. ನನಗೆ ಫಿಲಂ ಬೇಕು ಅನ್ಸೋದು ಕೈಗೆ ಸಿಗೋ ನೆಗೆಟಿವ್‌ಗೋಸ್ಕರ. ಫೋನ್ ಬದಲಾಗ್ಲಿ, ಪಾಸ್‌ವರ್ಡ್ ಮರ್ತೋಗ್ಲಿ, ಹಾರ್ಡ್‌ಡಿಸ್ಕ್ ಕೈ ಕೊಡ್ಲಿ, ಆ ಪಟ್ಟಿ ಕಿಟಕಿಗೆ ಹಿಡಿದ್ರೆ ಮನುಷ್ಯರು ಕಾಣ್ತಾರೆ. ಅದಕ್ಕೇ ಒಂದು ಮಾತು ನಡೆಸ್ಕೊಡಿ: ಸ್ಕ್ಯಾನ್ ವಾಟ್ಸಾಪಿಗೆ ಬಂತು ಅಂತ ನೆಗೆಟಿವ್‌ನ ಲ್ಯಾಬಲ್ಲೇ ಬಿಟ್ಬಿಡೋ ಹುಡುಗರು ಈಗ ಜಾಸ್ತಿ ಆಗಿದಾರೆ, ನೀವು ಹಾಗ್ ಮಾಡ್ಬೇಡಿ, ಕೇಳಿ ವಾಪಸ್ ತರಿಸ್ಕೊಳಿ.

ಸೆಲ್ ಸಿಗೋವರೆಗೆ ಮೀಟರ್ ಇಲ್ದೆನೂ ತೆಗಿಬೋದು. ಚುರುಗುಟ್ಟೋ ಬಿಸಿಲಲ್ಲಿ ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ) ಎಫ್/16, ಶಟರ್ ಫಿಲಂ ಐಎಸ್‌ಒಗೆ ಹತ್ರದ ಸ್ಪೀಡ್, ಅಂದ್ರೆ 200ರ ರೀಲಿಗೆ 1/250 ಸೆಕೆಂಡ್. ಮೋಡ ಮುಚ್ಚಿದ್ರೆ ಎಫ್/8, ಬಯಲಲ್ಲಿ ನೆರಳಿದ್ರೆ ಎಫ್/4.

ಪ್ರಶ್ನೆ: ಅಣ್ಣಾ, ನಾನು ಬೇಲೂರಲ್ಲಿ ಗೈಡ್ ಕೆಲ್ಸ ಮಾಡ್ತೀನಿ. ಮದನಿಕೆಯರ ಫೋಟೋ ಮೊಬೈಲಲ್ಲಿ ತೆಗೆದ್ರೆ ಒಂದೋ ಆಕಾಶ ಬೆಳ್ಳಗಾಗುತ್ತೆ, ಇಲ್ಲಾಂದ್ರೆ ಶಿಲ್ಪ ಕಪ್ಪಗಾಗುತ್ತೆ. ಫಿಲಂ ಕ್ಯಾಮ್ರಾದಲ್ಲಿ ಈ ತಾಪತ್ರಯ ಇರಲ್ವಂತೆ, ಹೌದಾ? — ಓದುಗ, ಬೇಲೂರು

ಉತ್ತರ: ಇರುತ್ತಪ್ಪಾ, ಆದ್ರೆ ಅದನ್ನ ನಿಭಾಯಿಸೋ ದಾರಿ ತಿರುಗಾಮುರುಗ. ನೀನು ದಿನಾ ನೋಡೋ ಜಾಗ, ನಿಂಗೆ ಬೇಗ ಅರ್ಥ ಆಗುತ್ತೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ, ಕಲ್ಲು ಬಳಪದ ಕಲ್ಲು, ಬಣ್ಣ ಮೊದ್ಲೇ ಕಪ್ಪು ಕಡೆಗೆ, ಮೇಲಾಗಿ ಮದನಿಕೆಯರು ನಿಂತಿರೋದು ಸೂರಿನ ಕೆಳಗೆ ಮುಂದಕ್ಕೆ ಬಾಗ್ಕೊಂಡು, ನೆತ್ತಿ ಮೇಲೆ ಸೂರ್ಯ ಬಂದ ಅಂದ್ರೆ ಆ ಮುಖಗಳೆಲ್ಲ ನೆರಳಿಗೆ ಹೋಗ್ತವೆ, ಹಿಂದ್ಗಡೆ ಬೆಳ್ಳನೆ ಆಕಾಶ.

ಡಿಜಿಟಲ್ ಸೆನ್ಸರಲ್ಲಿ ಒಂದ್ಸಲ ಬಿಳಿ ತುಂಬೋದ್ರೆ ಆ ಜಾಗದಲ್ಲಿ ಮಾಹಿತಿನೇ ಇರಲ್ಲ, ಎಡಿಟ್ ಮಾಡಿ ವಾಪಸ್ ತರೋಕಾಗಲ್ಲ. ಆದ್ರೆ ನೆರಳಲ್ಲಿರೋದನ್ನ ಎಷ್ಟೋ ಎತ್ತಬಹುದು. ಹಾಗಾಗಿ ಡಿಜಿಟಲ್‌ನಲ್ಲಿ ಆಕಾಶ ಉಳಿಯೋ ಹಾಗೆ ಸ್ವಲ್ಪ ಕಪ್ಪಗೇ ತೆಗೆದು, ರಾ ಫೈಲ್ (ಕ್ಯಾಮ್ರಾ ತಿದ್ದದೆ ಇಟ್ಟ ಪೂರ್ತಿ ಮಾಹಿತಿ) ಇಟ್ಕೊಂಡು ಶಿಲ್ಪನ ಆಮೇಲೆ ಎತ್ಕೋಬೇಕು. ನೆಗೆಟಿವ್ ಫಿಲಂನಲ್ಲಿ ಉಲ್ಟಾ. ನೆರಳಿಗೆ ಬೆಳಕು ಸಾಲ್ದೆ ಹೋದ್ರೆ ಆ ಜಾಗ ನೆಗೆಟಿವಲ್ಲಿ ಬರೀ ಖಾಲಿ, ಯಾವ ಸ್ಕ್ಯಾನರ್ರೂ ಏನೂ ಮಾಡಕ್ಕಾಗಲ್ಲ, ಬಿಳಿ ಕಡೆ ಮಾತ್ರ ಎರಡು ಸ್ಟಾಪ್ (ಒಂದು ಸ್ಟಾಪ್ ಜಾಸ್ತಿ ಅಂದ್ರೆ ಬೆಳಕು ಎರಡರಷ್ಟು, ಕಮ್ಮಿ ಅಂದ್ರೆ ಅರ್ಧ) ಜಾಸ್ತಿ ಆದ್ರೂ ತಡ್ಕೊಳುತ್ತೆ, ಆಕಾಶ ಥಟ್ಟಂತ ಸುಟ್ಟೋಗಲ್ಲ, ನಿಧಾನಕ್ಕೆ ಕರಗ್ತಾ ಹೋಗುತ್ತೆ. ಅದಕ್ಕೆ ಫಿಲಂ ಕ್ಯಾಮ್ರಾನ ಮೊದ್ಲು ಆಕಾಶ ಕಾಣದ ಹಾಗೆ ಬಗ್ಗಿಸಿ, ಸೂರಿನ ಕೆಳಗಿನ ಕಲ್ಲಿನ ಮೇಲೇ ಮೀಟರ್ ಓದಿಸು, ಕಲ್ಲು ಕಪ್ಪಗಿರೋದ್ರಿಂದ ಆ ಲೆಕ್ಕದಲ್ಲಿ ಒಂದು ಸ್ಟಾಪ್ ಕಮ್ಮಿ ಮಾಡು, ಆಮೇಲೆ ಫ್ರೇಮ್ ಮಾಡಿ ತೆಗಿ. ಹೀಗೆ ತೆಗೆದ ನೆಗೆಟಿವಲ್ಲಿ ಮದನಿಕೆ ಕೈಯಲ್ಲಿರೋ ಕನ್ನಡಿ, ತಲೆ ಮೇಲಿನ ಬಳ್ಳಿ, ಬಳ್ಳಿ ಹಿಂದಿನ ಕತ್ತಲು ಮೂರೂ ಬೇರೆಬೇರೆಯಾಗಿ ಕಾಣ್ತವೆ. ಸ್ಲೈಡ್ ಫಿಲಂ (ನೆಗೆಟಿವ್ ಬದ್ಲು ನೇರ ಚಿತ್ರನೇ ಬರೋ ರೀಲು) ಮಾತ್ರ ಈ ಲೆಕ್ಕಕ್ಕೆ ಸೇರಲ್ಲ, ಅದು ಡಿಜಿಟಲ್ ಥರಾನೇ, ಬಿಳಿ ಕಾಪಾಡ್ಬೇಕು.

ಫಿಲಮ್ಮೋ ಡಿಜಿಟಲ್ಲೋ, ಅದಕ್ಕಿಂತ ಹೊತ್ತು ಮುಖ್ಯ. ಬಿಸಿಲು ಅಂಗಳದ ಕಲ್ಲುಹಾಸಿನ ಮೇಲೆ ಬಿದ್ದು ಅಲ್ಲಿಂದ ಮೇಲಕ್ಕೆ ಚಿಮ್ಮುತ್ತಲ್ಲ, ಆ ಬೆಳಕು ಸೂರಿನ ಒಳಗೆ ಹೋಗುತ್ತೆ, ಅದು ಯಾವ ಮೂಲೆಗೆ ಯಾವಾಗ ಸಿಗುತ್ತೆ ಅಂತ ಪ್ರವಾಸಿಗರಿಗಿಂತ ನಿಂಗೇ ಚೆನ್ನಾಗಿ ಗೊತ್ತಾಗೋದು, ಬರ್ಕೊಂಡಿಟ್ಕೋ. ಹಳೇಬೀಡಿಗೆ ಹೋದ್ರೆ ಹಿಂದ್ಗಡೆ ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಮೇಲೇ ಹೋಗು. ನವರಂಗದ ಒಳಗೆ ನನ್ ಓಟು ಡಿಜಿಟಲ್‌ಗೇ, ಪುರಾತತ್ವ ಇಲಾಖೆ ಅನುಮತಿ ಇಲ್ದೆ ಟ್ರೈಪಾಡ್ ಇಡೋ ಹಾಗಿಲ್ಲ, ಆ ಕತ್ತಲಲ್ಲಿ ಕೈಯಲ್ಲಿ ಹಿಡ್ದು ಫಿಲಂನಲ್ಲಿ ತೆಗೆಯೋದು ಬಲು ಕಷ್ಟ.

ಪ್ರಶ್ನೆ: ಕೊಡಾಕ್ ಕಂಪ್ನಿ ಮುಚ್ಚೋಯ್ತಲ್ಲ ಸರ್, ಇನ್ನೆಷ್ಟು ದಿನ ರೀಲು ಸಿಗುತ್ತೆ? — ಓದುಗರು, ಅರಸೀಕೆರೆ

ಉತ್ತರ: ಮುಚ್ಚಿಲ್ಲ. 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ನಿಜ, ಮಾರನೇ ವರ್ಷ ಅದ್ರಿಂದ ಹೊರಗೆ ಬಂತು, ಅಮೆರಿಕದ ರಾಚೆಸ್ಟರ್‌ನಲ್ಲಿ ಈಗ್ಲೂ ಫಿಲಂ ಮಾಡ್ತಾರೆ. ನಿಲ್ಸಿದ್ದ ಎಕ್ಟಾಕ್ರೋಮ್ ಸ್ಲೈಡ್ ಫಿಲಂನ 2018ರಲ್ಲಿ ಮತ್ತೆ ತಂದ್ರು. 2024ರಲ್ಲಿ ಪೆಂಟಾಕ್ಸ್‌ನವ್ರು ಹೊಚ್ಚ ಹೊಸ ಫಿಲಂ ಕ್ಯಾಮ್ರಾನೇ ಬಿಟ್ಟಿದಾರೆ, ಒಂದು ರೀಲಲ್ಲಿ 72 ಅರ್ಧ ಫ್ರೇಮ್ ಬರೋದು. ನಂಗೆ ಬೇಜಾರಾಗೋದು ನಮ್ಮ ಪಕ್ಕದ ಊಟಿ ಬಗ್ಗೆ. ಅಲ್ಲಿನ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಸರ್ಕಾರಿ ಫ್ಯಾಕ್ಟ್ರೀಲಿ ‘ಇಂದು’ ಅನ್ನೋ ಹೆಸರಲ್ಲಿ ನಮ್ಮದೇ ಬ್ಲ್ಯಾಕ್ ಅಂಡ್ ವೈಟ್ ಫಿಲಂ, ಪೇಪರ್ ಬರ್ತಿತ್ತು, ಅದು ಉಳಿದಿದ್ರೆ ಇವತ್ತು ಹುಡುಗರು ಇಷ್ಟು ದುಡ್ಡು ಸುರೀಬೇಕಾಗಿರ್ಲಿಲ್ಲ.

ಪ್ರಶ್ನೆ: ನಮ್ಮ ಮಾವನವ್ರು ತೀರಿಕೊಂಡ ಮೇಲೆ ಅಟ್ಟದ ಟ್ರಂಕಲ್ಲಿ ಅವ್ರು ತೆಗೆದ ನೆಗೆಟಿವ್‌ಗಳು ರಾಶಿ ಸಿಕ್ಕಿವೆ. ತೋಟ, ಮದ್ವೆ, ಹೊಳೆ ಎಲ್ಲಾ ಇದೆ. ಆದ್ರೆ ತುಂಬಾದ್ರ ಮೇಲೆ ಬೂಷ್ಟು ಬಂದಿದೆ, ಕೆಲವು ಹುಳಿ ವಾಸ್ನೆ. ನೀರಲ್ಲಿ ತೊಳ್ದು ಒಣಗಿಸ್ಬೋದಾ? — ಗೃಹಿಣಿ, ಮೂಡಿಗೆರೆ

ಉತ್ತರ: ಅಕ್ಕಾ, ದಯವಿಟ್ಟು ನೀರು ಮಾತ್ರ ಮುಟ್ಟಿಸ್ಬೇಡಿ. ಫಿಲಂ ಮೇಲಿನ ಪದರ ಜೆಲಟಿನ್, ಬೂಷ್ಟಿಗೆ ಅದೇ ಊಟ, ಬೂಷ್ಟು ತಿಂದಿರೋ ಜಾಗದಲ್ಲಿ ಜೆಲಟಿನ್ ಎಷ್ಟು ಮೆತ್ತಗಾಗಿರುತ್ತೆ ಅಂದ್ರೆ ನೀರು ಬಿದ್ರೆ ಚಿತ್ರದ ಸಮೇತ ಕರಗಿ ಹೋಗುತ್ತೆ. ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ, ಮನೆಯಿಂದ ಹೊರಗೆ ಕೂತು, ಮೂಗು ಬಾಯಿಗೆ ಬಟ್ಟೆ ಕಟ್ಕೊಂಡು, ತೀರಾ ಮೃದುವಾದ ಬ್ರಷ್ಷಲ್ಲಿ ಮೇಲ್ಮೇಲೆ ಸವರಿ ತೆಗೀರಿ. ಅಂಟಿರೋದು ಬರ್ಲಿಲ್ಲ ಅಂದ್ರೆ ನೀರಿಲ್ಲದ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಹೊಳಪಿರೋ ಬದಿನ ಒರೆಸ್ಬೋದು. ಮೆಡಿಕಲ್ ಶಾಪಲ್ಲಿ ಸಿಗೋ 70 ಪರ್ಸೆಂಟ್‌ದು ಬೇಡ, ಮಿಕ್ಕಿದ್ದು ನೀರೇ. ಮಂಕಾಗಿರೋ ಬದೀಲೇ ಚಿತ್ರ ಇರೋದು, ಅದನ್ನ ಉಜ್ಜಬೇಡಿ, ಕಲೆ ಉಳಿದ್ರೆ ಉಳೀಲಿ.

ಹುಳಿ ವಾಸ್ನೆ ಬೇರೆ ಕಾಯಿಲೆ. ಫಿಲಂ ಅಂಚಲ್ಲಿ ಸೇಫ್ಟಿ ಫಿಲಂ ಅಂತ ಇಂಗ್ಲಿಷಲ್ಲಿ ಅಚ್ಚಾಗಿರುತ್ತೆ ನೋಡಿ, ಅದ್ರ ತಳಪಾಯ ಅಸಿಟೇಟು ಅನ್ನೋ ಒಂಥರಾ ಪ್ಲಾಸ್ಟಿಕ್, ಶೆಕೆ ತೇವ ಎರಡೂ ಸೇರಿ ಅದು ಒಡೀತಾ ಬಂದಾಗ ವಿನೆಗರ್ ವಾಸ್ನೆ ಬರುತ್ತೆ, ಫಿಲಂ ಸೊಟ್ಟ ಆಗುತ್ತೆ. ಆ ಆವಿ ಪಕ್ಕದಲ್ಲಿರೋದಕ್ಕೂ ತಗುಲುತ್ತೆ, ಅದಕ್ಕೆ ವಾಸ್ನೆ ಬರೋವನ್ನೆಲ್ಲ ಇವತ್ತೇ ಬೇರೆ ಡಬ್ಬಿಗೆ ಹಾಕಿ, ಮೊದ್ಲು ಅವನ್ನೇ ಸ್ಕ್ಯಾನ್ ಮಾಡಿಸಿ. ಅದಾದ್ಮೇಲೆ ಕಲರ್‌ದು, ಯಾಕಂದ್ರೆ ಕಲರ್ ನೆಗೆಟಿವಲ್ಲಿ ಚಿತ್ರ ಇರೋದು ಡೈನಲ್ಲಿ, ಅದು ಮಾಸ್ತಾ ಹೋಗುತ್ತೆ. ಬ್ಲ್ಯಾಕ್ ಅಂಡ್ ವೈಟಲ್ಲಿ ಚಿತ್ರ ಬೆಳ್ಳಿದು, ಒಣಗಿದ್ರೆ ಬಹಳ ಕಾಲ ಬಾಳುತ್ತೆ, ಕಾಯ್ಬೋದು.

ಸ್ಕ್ಯಾನಿಗೆ ಡಿಜಿಟಲ್ ಕ್ಯಾಮ್ರಾನೇ ಸಾಕು, ಫಿಲಂಗೆ ಡಿಜಿಟಲ್ ಶತ್ರು ಅನ್ನೋರು ಇದನ್ನ ಗಮನಿಸ್ಬೇಕು. ತೀರಾ ಹತ್ರದಿಂದ ತೆಗೆಯೋ ಮ್ಯಾಕ್ರೊ ಲೆನ್ಸ್, ಕೆಳಗಡೆ ಬಿಳಿ ಎಲ್‌ಇಡಿ ಪ್ಯಾಡ್, ಅದ್ರ ಮೇಲೆ ನೆಗೆಟಿವ್ ಸಮತಟ್ಟಾಗಿ ಇಟ್ಟು ಫೋಟೋ ತೆಗೆದು ಕಂಪ್ಯೂಟರಲ್ಲಿ ಬೆಳಕು ನೆರಳನ್ನ ತಿರುಗಾಮುರುಗ ಮಾಡೋದು. ಯಾವ್ದು ಯಾರು ಅಂತ ಬರೀ ನೋಡೋಕಾದ್ರೆ ಮೊಬೈಲ್ ಪರದೆ ಬೆಳ್ಳಗೆ ಮಾಡಿ ಅದ್ರಿಂದ ನಾಲ್ಕು ಬೆರಳು ಮೇಲೆ ನೆಗೆಟಿವ್ ಹಿಡೀರಿ, ಪರದೆಗೇ ಅಂಟಿಸಿದ್ರೆ ಪಿಕ್ಸೆಲ್ ಚುಕ್ಕಿ ಕಾಣುತ್ತೆ. ನಿಮ್ಮ ಅತ್ತೆಯವ್ರು ಇದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಹೆಸರು, ಊರು ಕೇಳಿ ಕವರ್ ಮೇಲೆ ಪೆನ್ಸಿಲಲ್ಲಿ ಬರೀರಿ, ಈ ಕೆಲ್ಸ ಸ್ಕ್ಯಾನಿಗಿಂತ ಅರ್ಜೆಂಟು.

ವಾಪಸ್ ಅಟ್ಟಕ್ಕೆ ಕಳಿಸ್ಬೇಡಿ. ಪಿವಿಸಿ ಆಲ್ಬಂ ಹಾಳೆನೂ ಬೇಡ. ಕಾಗದದ ಕವರಿಗೆ ಹಾಕಿ, ಗಾಳಿ ಆಡದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ತಿರುಗಿದ್ರೆ ಬಾಣಲೀಲಿ ಸಣ್ಣ ಉರೀಲಿ ಬಿಸಿ ಮಾಡಿ, ಆರಿಸಿ ಮತ್ತೆ ಹಾಕಿ. ನಿಮ್ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಇದನ್ನ ಆಗಾಗ ನೋಡ್ತಿರ್ಬೇಕು.

ಪ್ರಶ್ನೆ: ಬ್ಲ್ಯಾಕ್ ಅಂಡ್ ವೈಟ್ ರೀಲನ್ನ ಮನೇಲೇ ತೊಳೀಬೋದಾ? ಡಾರ್ಕ್ ರೂಮ್ ಬೇಕಾ? — ಓದುಗ, ಚಿಕ್ಕಮಗಳೂರು

ಉತ್ತರ: ರೂಮ್ ಬೇಡ, ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗ್ ಒಳಗೆ ರೀಲನ್ನ ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕ್ ಅನ್ನೋ ಡಬ್ಬಿಗೆ ಹಾಕಿದ್ರೆ ಮಿಕ್ಕಿದ್ದೆಲ್ಲ ಅಡುಗೆಮನೆ ಸಿಂಕಲ್ಲೇ ಮಾಡ್ಬೋದು. ಸ್ಟುಡಿಯೋ ಕೆಂಪು ಲೈಟು ಪ್ರಿಂಟಿಗೆ, ಫಿಲಂಗೆ ಅದೂ ಆಗಲ್ಲ. ಚಿತ್ರ ಮೂಡಿಸೋ ಡಿ-76 ಡೆವಲಪರ್ 20 ಡಿಗ್ರೀಲಿ, ಆಮೇಲೆ ಅದನ್ನ ನಿಲ್ಸೋ ಸ್ಟಾಪ್ ಬಾತ್, ಆಮೇಲೆ ನಮ್ ಸ್ಟುಡಿಯೋದವ್ರು ಹೈಪೋ ಅಂತಿದ್ರಲ್ಲ ಆ ಫಿಕ್ಸರ್, ಕೊನೇಗೆ ತೊಳೆಯೋದು. ಎಷ್ಟು ನಿಮಿಷ ಅನ್ನೋದು ಫಿಲಮ್ಮಿಂದ ಫಿಲಮ್ಮಿಗೆ ಬೇರೆ, ಡಬ್ಬಿ ಮೇಲೆ ಇರುತ್ತೆ. ಬೇಸಿಗೇಲಿ ನಲ್ಲಿ ನೀರು 20ಕ್ಕಿಂತ ಬಿಸಿ ಇರುತ್ತೆ, ಬೇಸಿನ್‌ಗೆ ಐಸ್ ಹಾಕಿ ಅದ್ರಲ್ಲಿ ಬಾಟ್ಲಿ ಇಟ್ಟು ತಣ್ಣಗೆ ಮಾಡ್ಕೊಳಿ. ಬೋರ್‌ವೆಲ್ ನೀರಲ್ಲಿ ತೊಳೆದ್ರೆ ಒಣಗಿದಾಗ ಬಿಳಿ ಕಲೆ ನಿಲ್ಲುತ್ತೆ, ಕೊನೇ ಅದ್ದೋದು ಡಿಸ್ಟಿಲ್ಡ್ ವಾಟರಲ್ಲಿ ಆಗ್ಲಿ.

ಮುಗಿದ ಫಿಕ್ಸರ್‌ನ ದಯವಿಟ್ಟು ಹಳ್ಳಕ್ಕೆ, ತೋಟದ ಚರಂಡಿಗೆ ಚೆಲ್ಲಬೇಡಿ. ಅದ್ರಲ್ಲಿ ಕರಗಿರೋ ಬೆಳ್ಳಿ ಇರುತ್ತೆ, ನೀರಲ್ಲಿರೋ ಜೀವಗಳಿಗೆ ಕೆಟ್ಟದ್ದು, ನಮ್ಮ ಕಡೆ ಎಷ್ಟೋ ಹಳ್ಳಗಳು ಹೋಗಿ ಸೇರೋದು ಭದ್ರೆಗೋ ಹೇಮಾವತಿಗೋ. ಹಳೇ ಬಕೆಟ್ಟಲ್ಲಿ ಸ್ಟೀಲ್ ವುಲ್ ಹಾಕಿ ಅದ್ರಲ್ಲಿ ಫಿಕ್ಸರ್ ಬಿಟ್ರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತೆ.

ಪ್ರಶ್ನೆ: ನಮ್ ಭಾವ ದುಬೈಯಿಂದ ಬರ್ತಾ ರೀಲು ತರ್ತಾರಂತೆ. ಏರ್‌ಪೋರ್ಟ್ ಎಕ್ಸ್‌ರೇಗೆ ಹಾಳಾಗುತ್ತಾ? — ಓದುಗ, ಸಕಲೇಶಪುರ

ಉತ್ತರ: ಚೆಕ್-ಇನ್ ಬ್ಯಾಗಲ್ಲಿ ಹಾಕಿದ್ರೆ ಹಾಳಾಗೋ ಸಾಧ್ಯತೆ ಜಾಸ್ತಿ, ಕೈಚೀಲದಲ್ಲೇ ಇಟ್ಕೊಳಕ್ಕೆ ಹೇಳಿ. ಈಗ ಕೈಚೀಲಕ್ಕೂ ಆಸ್ಪತ್ರೇಲಿರೋ ಥರದ, ಜೋರು ಎಕ್ಸ್‌ರೇಯ ಸಿಟಿ ಸ್ಕ್ಯಾನರ್ ಬಂದಿವೆ, ಅವು 100 ಐಎಸ್‌ಒ ಫಿಲಂನೂ ಮಂಕು ಮಾಡ್ತವೆ, ಅದಕ್ಕೆ ರೀಲೆಲ್ಲ ಪಾರದರ್ಶಕ ಕವರಲ್ಲಿ ಹಾಕಿ ಕೈಯಲ್ಲೇ ಚೆಕ್ ಮಾಡಿ ಅಂತ ಸೆಕ್ಯೂರಿಟಿಯವ್ರನ್ನ ಮರ್ಯಾದೆಯಿಂದ ಕೇಳ್ಬೇಕು. ಮನೆಗೆ ಬಂದ್ಮೇಲೆ ಫ್ರಿಜ್ಜಲ್ಲಿಡಿ, ಬಳಸೋ ದಿನ ಹೊರಗೆ ತೆಗೆದು ಒಂದೆರಡು ಗಂಟೆ ಬಿಟ್ಟು ಡಬ್ಬಿ ಬಿಚ್ಚಿ, ನಿಮ್ಮೂರ ತೇವದ ಗಾಳೀಲಿ ತಣ್ಣಗಿರೋ ರೀಲು ಬಿಚ್ಚಿದ ತಕ್ಷಣ ಬೆವರುತ್ತೆ.