ಸಿ ಎಕ್ಸ್‌ಟೆನ್ಶನ್‌ನ ಆಬ್ಜೆಕ್ಟಿಗೆ ಪೈಥಾನ್‌ನಿಂದ ಹೊಸ ಆಟ್ರಿಬ್ಯೂಟ್ ಸೇರಿಸುವುದು ಹೇಗೆ?

ನೀವು ಸಿ ಭಾಷೆಯಲ್ಲಿ ಬರೆದ ಪಾಯಿಂಟ್ ಟೈಪಿನ ಆಬ್ಜೆಕ್ಟಿಗೆ ‘ಪಿ.ಲೇಬಲ್ = 5’ ಎಂದು ಕೊಟ್ಟರೆ ಆಟ್ರಿಬ್ಯೂಟ್‌ಎರರ್ ಬರುತ್ತದೆ, ಪೈಥಾನ್‌ನಲ್ಲೇ ಬರೆದ ಕ್ಲಾಸಿನಲ್ಲಿ ಬರುವುದಿಲ್ಲ ಎಂದು ಕೇಳಿದ್ದೀರಿ. ಮಾಮೂಲಿ ಪೈಥಾನ್ ಕ್ಲಾಸಿನ ಪ್ರತಿ ಆಬ್ಜೆಕ್ಟಿಗೂ ಒಂದು ಡಿಕ್ಷನರಿ ಇರುತ್ತದೆ, ಹೊಸ ಹೆಸರು ಅದರೊಳಗೆ ಸೇರುತ್ತದೆ. ನಿಮ್ಮ ಸ್ಟ್ರಕ್ಟಿನಲ್ಲಿ, ಅಂದರೆ ಆಬ್ಜೆಕ್ಟಿನ ಮಾಹಿತಿ ಇಡುವ ಸಿ ರಚನೆಯಲ್ಲಿ, ಅದಕ್ಕೆ ಜಾಗವೇ ಇಲ್ಲ.

ಜಾಗ ಮಾಡುವುದು ಸುಲಭ. ಸ್ಟ್ರಕ್ಟಿನ ಕೊನೆಗೆ ಡಿಕ್ಟ್ ಹೆಸರಿನ ಒಂದು ಪೈಆಬ್ಜೆಕ್ಟ್ ಪಾಯಿಂಟರ್ ಸೇರಿಸಿ, ಅದರ ಆಫ್‌ಸೆಟ್ (ಸ್ಟ್ರಕ್ಟಿನ ಆರಂಭದಿಂದ ಎಷ್ಟು ಬೈಟ್ ದೂರ) ಅನ್ನು ಟೈಪಿನ ಟಿಪಿ_ಡಿಕ್ಟ್‌ಆಫ್‌ಸೆಟ್‌ಗೆ ಕೊಡಿ. 64 ಬಿಟ್ ಯಂತ್ರದಲ್ಲಿ ಆಬ್ಜೆಕ್ಟಿಗೆ 8 ಬೈಟ್ ಹೆಚ್ಚುತ್ತದೆ. ಡಿಕ್ಷನರಿಯನ್ನು ನೀವೇ ಸೃಷ್ಟಿಸಬೇಡಿ, ಪಾಯಿಂಟರ್ ನಲ್ ಆಗಿರಲಿ. ಮೊದಲ ಸಲ ಬೆಲೆ ಕೊಟ್ಟಾಗ ಪೈಥಾನ್ ತಾನೇ ಸೃಷ್ಟಿಸಿಕೊಳ್ಳುತ್ತದೆ. ಟಿಪಿ_ಅಲಾಕ್ ಮೂಲಕ ಆಬ್ಜೆಕ್ಟ್ ಮಾಡಿದರೆ ಮೆಮರಿ ಸೊನ್ನೆಯಾಗಿಯೇ ಬರುತ್ತದೆ. ಪೈಆಬ್ಜೆಕ್ಟ್_ನ್ಯೂ ಬಳಸಿದರೆ ಬರುವುದಿಲ್ಲ, ಆ ಪಾಯಿಂಟರಿನಲ್ಲಿ ಕಸ ಉಳಿದು ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಈಗ ಯಾರು ಬೇಕಾದರೂ ‘ಪಿ.ನಾನು = ಪಿ’ ಎಂದು ಬರೆಯಬಹುದು: ಆಬ್ಜೆಕ್ಟ್ ತನ್ನ ಡಿಕ್ಷನರಿಯನ್ನು ಹಿಡಿದಿದೆ, ಡಿಕ್ಷನರಿ ಆಬ್ಜೆಕ್ಟನ್ನು ಹಿಡಿದಿದೆ, ಹೀಗೆ ಹಿಡಿದಿರುವವರ ಲೆಕ್ಕವಾದ ರೆಫರೆನ್ಸ್ ಎಣಿಕೆ ಎಂದೂ ಸೊನ್ನೆಗೆ ಇಳಿಯದು, ಮೆಮರಿ ಬಿಡುಗಡೆಯಾಗದು. ಇಂಥ ಸುತ್ತುಗಳನ್ನು ಹುಡುಕಿ ಬಿಡಿಸುವುದು ಪೈಥಾನ್‌ನ ಜಿಸಿ (ಗಾರ್ಬೇಜ್ ಕಲೆಕ್ಟರ್), ಆದ್ದರಿಂದ ಪೈ_ಟಿಪಿಫ್ಲ್ಯಾಗ್ಸ್_ಹ್ಯಾವ್_ಜಿಸಿ ಫ್ಲ್ಯಾಗ್ ಬೇಕೇ ಬೇಕು. ಟಿಪಿ_ಟ್ರಾವರ್ಸ್‌ನಲ್ಲಿ ಡಿಕ್ಟ್‌ಗೆ ಪೈ_ವಿಸಿಟ್, ಟಿಪಿ_ಕ್ಲಿಯರ್‌ನಲ್ಲಿ ಪೈ_ಕ್ಲಿಯರ್ ಬರೆಯಿರಿ. ಆಬ್ಜೆಕ್ಟನ್ನು ಅಳಿಸುವ ಡೀಅಲಾಕ್‌ನಲ್ಲಿ ಮೊದಲು ಪೈಆಬ್ಜೆಕ್ಟ್_ಜಿಸಿ_ಅನ್‌ಟ್ರ್ಯಾಕ್, ಆಮೇಲೆ ಕ್ಲಿಯರ್, ಕೊನೆಗೆ ಟೈಪಿನ ಟಿಪಿ_ಫ್ರೀ. ಹಳೆಯ ಕೋಡಿನಲ್ಲಿ ಪೈಆಬ್ಜೆಕ್ಟ್_ಡೆಲ್ ಎಂದು ನೇರವಾಗಿ ಬರೆದಿದ್ದರೆ ತೆಗೆಯಿರಿ. ಜಿಸಿ ಆಬ್ಜೆಕ್ಟಿನ ಮುಂದೆ ಒಂದು ಹೆಡರ್ ಇರುವುದರಿಂದ ಅದು ತಪ್ಪು ವಿಳಾಸವನ್ನು ಬಿಡುಗಡೆ ಮಾಡಿಬಿಡುತ್ತದೆ.

ಇಷ್ಟಾದ ಮೇಲೂ ‘ಪಿ.__ಡಿಕ್ಟ್__’ ಕೇಳಿದರೆ ಸಿಗದು, ಆ ಡಿಕ್ಷನರಿಯನ್ನೇ ಕೊಡುವ ವಾರ್ಸ್ ಫಂಕ್ಷನ್ ಸಹ ಸೋಲುತ್ತದೆ. ಟೈಪಿನ ಗೆಟ್‌ಸೆಟ್ ಪಟ್ಟಿಯಲ್ಲಿ (ಯಾವ ಆಟ್ರಿಬ್ಯೂಟ್ ಓದಲು, ಬರೆಯಲು ಯಾವ ಸಿ ಫಂಕ್ಷನ್ ಎಂದು ಹೇಳುವ ಪಟ್ಟಿ) ‘__ಡಿಕ್ಟ್__’ ಹೆಸರಿಗೆ ಪೈಆಬ್ಜೆಕ್ಟ್_ಜೆನೆರಿಕ್‌ಗೆಟ್‌ಡಿಕ್ಟ್ ಮತ್ತು ಪೈಆಬ್ಜೆಕ್ಟ್_ಜೆನೆರಿಕ್‌ಸೆಟ್‌ಡಿಕ್ಟ್ ಸೇರಿಸಿ.

ಪೈಥಾನ್ 3.12ರಿಂದ ಮ್ಯಾನೇಜ್ಡ್_ಡಿಕ್ಟ್ ಎಂಬ ಫ್ಲ್ಯಾಗ್ ಇದೆ, ಸ್ಟ್ರಕ್ಟ್ ಮುಟ್ಟುವುದೇ ಬೇಡ. ಆದರೆ ಟ್ರಾವರ್ಸ್, ಕ್ಲಿಯರ್‌ಗಳಲ್ಲಿ ಕರೆಯಬೇಕಾದ ಅದರ ಫಂಕ್ಷನ್‌ಗಳು ಸಾರ್ವಜನಿಕ ಹೆಸರಿನಲ್ಲಿ ಬಂದದ್ದು 3.13ರಲ್ಲಿ. ಹಳೆಯ ಆವೃತ್ತಿಗಳಲ್ಲೂ ಓಡಬೇಕಿದ್ದರೆ ಮೇಲಿನ ದಾರಿಯೇ ವಾಸಿ.

ಪೈಥಾನ್‌ನಂಥ ಕೋಡನ್ನು ಸಿಗೆ ಬದಲಿಸುವ ಸೈಥಾನ್ ಆದರೆ ಸಿಡೆಫ್ ಕ್ಲಾಸಿನೊಳಗೆ ‘ಸಿಡೆಫ್ ಡಿಕ್ಟ್ __ಡಿಕ್ಟ್__’ ಎಂಬ ಒಂದೇ ಸಾಲು ಸಾಕು. ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಪೈಬೈಂಡ್11ರಲ್ಲಿ ಕ್ಲಾಸ್ ಘೋಷಿಸುವಾಗ ಡೈನಮಿಕ್_ಆಟ್ರ್ ಕೊಡಿ.

ಲೈಬ್ರರಿ ನಿಮ್ಮದಲ್ಲದಿದ್ದರೆ, ಟೈಪ್ ಅನುಮತಿಸಿದಲ್ಲಿ ಪೈಥಾನ್‌ನಲ್ಲಿ ಖಾಲಿ ಸಬ್‌ಕ್ಲಾಸ್ ಮಾಡಿಕೊಳ್ಳಿ. ಅದಕ್ಕೆ ಡಿಕ್ಷನರಿ ತಾನಾಗಿ ಬರುತ್ತದೆ. ಆದರೆ ಲೈಬ್ರರಿಯ ಸಿ ಫಂಕ್ಷನ್‌ಗಳು ಹಿಂದಿರುಗಿಸುವ ಆಬ್ಜೆಕ್ಟುಗಳು ಸಾಮಾನ್ಯವಾಗಿ ಮೂಲ ಟೈಪಿನವೇ ಆಗಿರುತ್ತವೆ, ಅವಕ್ಕೆ ಈ ಉಪಾಯ ನಡೆಯದು. ಅವನ್ನು ನಿಮ್ಮದೇ ಕ್ಲಾಸಿನೊಳಗೆ ಇಟ್ಟು, ಲೇಬಲ್ ಅನ್ನು ಆ ಹೊರ ಕ್ಲಾಸಿಗೆ ಅಂಟಿಸಿ.